ಫೀಸು ನಾವೇ ಕೊಡುತ್ತೇವೆ ಅಂತ ಸಲಹೆಗಾರರನ್ನು ಹುಡುಕಿದ್ದು

ಮನೆಯ ದುಡ್ಡಿಗೆ ಒಬ್ಬ ಸಲಹೆಗಾರರು ಬೇಕು ಅಂತ ಹೊರಟಾಗ ನಾನೂ ನನ್ನ ಯಜಮಾನರೂ ಒಂದು ವಿಷಯ ಮೊದಲೇ ಗಟ್ಟಿ ಮಾಡಿಕೊಂಡೆವು. ಅವರ ಸಂಪಾದನೆ ನಮ್ಮ ಕೈಯಿಂದಲೇ ಹೋಗಬೇಕು. ನಮ್ಮಿಂದ ಕೊಳ್ಳಿಸಿದ ಪಾಲಿಸಿಯಿಂದಲೋ ಫಂಡಿನಿಂದಲೋ ಅವರಿಗೆ ಒಂದು ರೂಪಾಯಿಯೂ ಬರಬಾರದು. ಅನುಭವ, ಆಫೀಸು, ಮಾತಿನ ಸೊಗಸು ಎಲ್ಲ ಆಮೇಲೆ. ಈ ಒಂದು ಷರತ್ತಿನಿಂದ ನಮ್ಮ ಹುಡುಕಾಟ ತುಂಬ ಸುಲಭವಾಯಿತು. ಅದನ್ನೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ನಾವಿರುವುದು ಡೊಂಬಿವಲಿಯಲ್ಲಿ. ಊರು ಕುಂದಾಪುರದ ಕಡೆ. ಯಜಮಾನರಿಗೆ ಅಂಧೇರಿಯಲ್ಲಿ ಕೆಲಸ, ನಾನು ಥಾಣೆಯ ಒಂದು ಶಾಲೆಯ ಆಫೀಸಿನಲ್ಲಿ ಲೆಕ್ಕಪತ್ರ ನೋಡುತ್ತೇನೆ. ಮಗಳು ಒಂಬತ್ತನೇ ಕ್ಲಾಸು. ಎರಡು ಸಂಬಳ, ಫ್ಲ್ಯಾಟಿನ ಸಾಲ, ಸೊಸೈಟಿಯ ಮೆಂಟೆನೆನ್ಸು, ಊರಲ್ಲಿರುವ ಅತ್ತೆ-ಮಾವನಿಗೆ ತಿಂಗಳು ತಿಂಗಳು ಕಳಿಸುವ ದುಡ್ಡು. ಮುಂಬೈಯ ಎಷ್ಟೋ ಕನ್ನಡದ ಮನೆಗಳ ಲೆಕ್ಕ ಹೀಗೇ ಇರುತ್ತದೆ. ಸಂಬಳ ಸಾಲುವುದಿಲ್ಲ ಅಂತೇನಿಲ್ಲ. ಆದರೆ ಎಲ್ಲಿ ಎಷ್ಟಿದೆ, ಯಾವುದು ಯಾತಕ್ಕೆ, ಮಗಳು ಕಾಲೇಜಿಗೆ ಹೋಗುವ ಹೊತ್ತಿಗೆ ಏನು ಕೈಗೆ ಬರುತ್ತದೆ ಅನ್ನುವುದು ಒಂದೇ ಕಡೆ ಕಾಣಬೇಕಿತ್ತು.

ಇಲ್ಲಿ ನಮ್ಮವರ ನಡುವೆ ಹಣದ ಸಲಹೆ ಬರುವುದು ನೆಂಟರಿಂದ. ಸಂಘದ ಕಾರ್ಯಕ್ರಮದಲ್ಲೋ, ಮದುವೆ ಹಾಲಿನಲ್ಲೋ, ಯಕ್ಷಗಾನ ನೋಡಲು ಹೋದಲ್ಲೋ ಸಿಗುವವರಲ್ಲಿ ಒಬ್ಬರಾದರೂ ವಿಮೆ ಏಜೆಂಟರು ಇದ್ದೇ ಇರುತ್ತಾರೆ. ನಮ್ಮ ಮನೆಗೆ ಅದು ಯಜಮಾನರ ಸೋದರಮಾವ. ಅವರ ಬಗ್ಗೆ ನನಗೆ ಗೌರವ ಇದೆ, ಅದನ್ನು ಇಲ್ಲೇ ಹೇಳಿಬಿಡಬೇಕು. ಯಜಮಾನರು ಮುಂಬೈಗೆ ಬಂದ ಹೊಸದರಲ್ಲಿ ಉಳಿದುಕೊಂಡಿದ್ದು ಅವರ ಖೋಲಿಯಲ್ಲೇ. ನನ್ನ ಮಾವನವರಿಗೆ ಇಲ್ಲಿ ಆಪರೇಷನ್ ಆದಾಗ ರಾತ್ರಿಯೆಲ್ಲ ಆಸ್ಪತ್ರೆಯಲ್ಲಿ ಕೂತವರೂ ಅವರೇ. ಅಂಥವರು ಮಾರ್ಚ್‌ನಲ್ಲಿ ಫಾರ್ಮ್ ಹಿಡಿದು ಬಂದು "ಒಂದು ಪಾಲಿಸಿ ಮಾಡಾ, ಟ್ಯಾಕ್ಸ್ ಉಳಿತದೆ" ಅಂದರೆ ಇಲ್ಲ ಅನ್ನುವುದು ಹೇಗೆ? ಹೀಗೆ ಪಾಲಿಸಿಗಳು ಸೇರುತ್ತಾ ಹೋಗುತ್ತವೆ. ಅದು ಪ್ರೀತಿಯ ಲೆಕ್ಕ. ಅದರ ಜೊತೆ ದುಡ್ಡಿನ ಲೆಕ್ಕ ಬೆರೆತಿರುವುದೇ ಕಷ್ಟ.

ಸಲಹೆಗಾರರ ಬಳಿ ಹೋಗುವ ಮೊದಲು ನಾವು ಕಾಗದಗಳನ್ನು ಒಟ್ಟು ಮಾಡಿದೆವು. ಇದನ್ನು ಯಾರೂ ಬಿಡಬಾರದು ಅಂತ ನನ್ನ ಅಭಿಪ್ರಾಯ. ಫೀಸು ಕೊಟ್ಟು ಕೂತ ಹೊತ್ತಿನಲ್ಲಿ ಪಾಸ್‌ಬುಕ್ ಹುಡುಕುವುದು ಬೇಡ, ಅಲ್ವಾ? ಮ್ಯೂಚುವಲ್ ಫಂಡಿನದ್ದು ಸುಲಭ. ಫಂಡ್ ಕಂಪನಿಗಳ ಪರವಾಗಿ ಲೆಕ್ಕ ಇಡುವ ಕ್ಯಾಮ್ಸ್ ಅಥವಾ ಕೆಫಿನ್‌ಟೆಕ್ ವೆಬ್‌ಸೈಟಿನಲ್ಲಿ ಪ್ಯಾನ್ ನಂಬರ್ ಮತ್ತು ಇಮೇಲ್ ಕೊಟ್ಟರೆ ಎಲ್ಲ ಕಂಪನಿಗಳ ಫಂಡುಗಳೂ ಸೇರಿ ಒಂದೇ ಸ್ಟೇಟ್‌ಮೆಂಟ್ ಬರುತ್ತದೆ. ಪಿಎಫ್ ಪಾಸ್‌ಬುಕ್ ಆನ್‌ಲೈನ್ ಸಿಗುತ್ತದೆ. ಪ್ರತಿ ಪಾಲಿಸಿಯ ಮೊದಲ ಪುಟದಲ್ಲೇ ಪ್ರೀಮಿಯಂ, ಅವಧಿ, ವಿಮೆಯ ಮೊತ್ತ ಇರುತ್ತದೆ, ಅದನ್ನು ಬರೆದುಕೊಂಡೆ. ಸಾಲದ ಬಾಕಿ, ಊರಿನ ಬ್ಯಾಂಕ್ ಲಾಕರಿನ ಚಿನ್ನ, ನಾನು ಬಿಲ್ಡಿಂಗಿನ ಹೆಂಗಸರ ಜೊತೆ ಹಾಕುವ ಚೀಟಿ (ಇಲ್ಲಿನವರು ಅದನ್ನು ಭಿಶಿ ಅನ್ನುತ್ತಾರೆ) ಎಲ್ಲವೂ ಪಟ್ಟಿಗೆ ಬಂತು. ಖರ್ಚಿಗೆ ಬ್ಯಾಂಕ್ ಸ್ಟೇಟ್‌ಮೆಂಟೇ ಸಾಕು. ಈಗ ತರಕಾರಿಯವರಿಗೂ ಯುಪಿಐಯಲ್ಲೇ ಕೊಡುವುದರಿಂದ ಎಲ್ಲ ಅಲ್ಲೇ ಕಾಣುತ್ತದೆ.

ಪಟ್ಟಿ ಮಾಡುವಾಗ ನಾಮಿನಿ ಯಾರು ಅನ್ನುವ ಕಾಲಂ ಒಂದನ್ನು ಇಟ್ಟುಕೊಂಡೆ. ಅದು ಬಹಳ ಉಪಯೋಗಕ್ಕೆ ಬಂತು. ಮದುವೆಗೆ ಮುಂಚೆ ಪಿಎಫ್‌ನಲ್ಲಿ ಕೊಟ್ಟ ನಾಮಿನೇಷನ್ ಮದುವೆಯಾದ ಮೇಲೆ ನಿಯಮದ ಪ್ರಕಾರ ನಡೆಯುವುದಿಲ್ಲ, ಹೊಸದಾಗಿ ಕೊಡಬೇಕು. ಇದು ಎಷ್ಟೋ ಜನರಿಗೆ ಗೊತ್ತಿಲ್ಲ. ಆನ್‌ಲೈನ್‌ನಲ್ಲಿ ಈ ಕೆಲಸಕ್ಕೆ ಖರ್ಚೇನೂ ಇಲ್ಲ, ಯಾವ ಸಲಹೆಗಾರರೂ ಬೇಕಿಲ್ಲ.

ಇನ್ನು ಹುಡುಕಾಟ. ಬೋರ್ಡಿನ ಮೇಲೆ, ಕಾರ್ಡಿನ ಮೇಲೆ ಯಾರು ಏನು ಬೇಕಾದರೂ ಬರೆದುಕೊಳ್ಳಬಹುದು. ನೋಡಬೇಕಾದದ್ದು ನೋಂದಣಿ ಸಂಖ್ಯೆಯನ್ನು. ಮ್ಯೂಚುವಲ್ ಫಂಡ್ ಮಾರುವವರಿಗೆ ಆಂಫಿ (ಫಂಡ್ ಕಂಪನಿಗಳ ಸಂಘ) ಕೊಡುವ ಎಆರ್‌ಎನ್ ಸಂಖ್ಯೆ ಇರುತ್ತದೆ. ಅವರು ವಿತರಕರು. ನಮ್ಮ ದುಡ್ಡು ಫಂಡಿನಲ್ಲಿ ಇರುವಷ್ಟು ಕಾಲ ಅವರಿಗೆ ಫಂಡ್ ಕಂಪನಿಯಿಂದ ಕಮಿಷನ್ ಹೋಗುತ್ತದೆ. ಫೀಸು ತೆಗೆದುಕೊಂಡು ಸಲಹೆ ಕೊಡುವವರಿಗೆ ಸೆಬಿಯ (ಷೇರು, ಫಂಡು ಮಾರುಕಟ್ಟೆಯನ್ನು ನಿಯಂತ್ರಿಸುವ ಸರ್ಕಾರಿ ಸಂಸ್ಥೆ) ನೋಂದಣಿ ಬೇಕು, ಅವರ ಸಂಖ್ಯೆ ಐಎನ್‌ಎ ಅಂತ ಶುರುವಾಗುತ್ತದೆ. ಇವರಿಗಾಗಿ ಸೆಬಿ 2013ರಲ್ಲಿ ಪ್ರತ್ಯೇಕ ನಿಯಮ ತಂದಿತು. 2020ರಲ್ಲಿ ಅದನ್ನು ಇನ್ನೂ ಬಿಗಿ ಮಾಡಿತು: ಒಂದೇ ಮನೆಯವರಿಗೆ ಫೀಸು ತಗೊಂಡು ಸಲಹೆಯನ್ನೂ ಕೊಟ್ಟು, ಕಮಿಷನ್ ಬರುವ ಯೋಜನೆಯನ್ನೂ ಮಾರುವಂತಿಲ್ಲ. ನಮ್ಮ ಷರತ್ತಿಗೆ ಕಾನೂನಿನ ಬಲವೇ ಇದೆ ಅಂತ ಗೊತ್ತಾದಾಗ ತುಂಬ ಸಮಾಧಾನವಾಯಿತು.

ಸೆಬಿಯ ವೆಬ್‌ಸೈಟಿನಲ್ಲಿ ನೋಂದಾಯಿತ ಸಲಹೆಗಾರರ ಹೆಸರು, ವಿಳಾಸ, ಸಂಖ್ಯೆ ಎಲ್ಲ ಇದೆ. ದೇಶದ ಜನಸಂಖ್ಯೆಗೆ ಹೋಲಿಸಿದರೆ ಇವರು ಬಹಳ ಕಡಿಮೆ. ಆದರೆ ಮುಂಬೈ, ಥಾಣೆ, ಪುಣೆಯಲ್ಲಿ ಸಿಗುತ್ತಾರೆ. ನಾನು ಆ ಪಟ್ಟಿಯಿಂದಲೇ ಥಾಣೆ ಕಡೆಯವರನ್ನು ಆರಿಸಿ ಫೋನ್ ಮಾಡಿದೆ. ಕೇಳಿದ ಮೊದಲ ಪ್ರಶ್ನೆ ಎಲ್ಲರಿಗೂ ಒಂದೇ. "ನಾವು ಕೊಡುವ ಫೀಸು ಬಿಟ್ಟು, ನಮ್ಮ ಲೆಕ್ಕದಲ್ಲಿ ನಿಮಗೆ ಬೇರೆ ಎಲ್ಲಿಂದಾದರೂ ದುಡ್ಡು ಬರುತ್ತಾ?" ಉತ್ತರ ಸೀದಾ ಬಂದರೆ ಮುಂದಿನ ಮಾತು. "ಅದರ ಬಗ್ಗೆ ತಲೆ ಕೆಡಿಸ್ಕೊಬೇಡಿ ಮ್ಯಾಡಮ್" ಅಂದವರಿಗೆ ನಮಸ್ಕಾರ ಹೇಳಿದೆ. ಆಮೇಲೆ ಕೇಳಿದ್ದು: ದುಡ್ಡು ನಮ್ಮ ಖಾತೆಯಲ್ಲೇ ಇರುತ್ತದೆಯೋ, ಫಂಡ್ ಡೈರೆಕ್ಟ್ ಪ್ಲ್ಯಾನಿನದ್ದೋ (ಅಂದರೆ ವಿತರಕರ ಕಮಿಷನ್ ಇಲ್ಲದ್ದೋ), ಬರವಣಿಗೆಯಲ್ಲಿ ಕರಾರು ಕೊಡುತ್ತೀರೋ, ಫೀಸು ಎಷ್ಟು, ಯಾವಾಗ. ಕರಾರು ಕಡ್ಡಾಯ. ಫೀಸನ್ನು ನಗದಾಗಿ ತೆಗೆದುಕೊಳ್ಳುವಂತಿಲ್ಲ. ಇಷ್ಟು ಲಾಭ ಬಂದೇ ಬರುತ್ತದೆ ಅಂತ ಖಾತ್ರಿ ಕೊಡುವಂತೆಯೂ ಇಲ್ಲ. ವಾಟ್ಸ್ಆ್ಯಪ್, ಟೆಲಿಗ್ರಾಂ ಗ್ರೂಪುಗಳಲ್ಲಿ ತಿಂಗಳಿಗೆ ಇಷ್ಟು ಪರ್ಸೆಂಟ್ ಅಂತ ಬರುವವರನ್ನು ಅಲ್ಲಿಗೇ ಬಿಟ್ಟುಬಿಡಿ. ಸಲಹೆಗಾರರ ಮೇಲೆ ದೂರು ಇದ್ದರೆ ಸೆಬಿಯ ಸ್ಕೋರ್ಸ್ ಅನ್ನುವ ವ್ಯವಸ್ಥೆಯಲ್ಲಿ ಆನ್‌ಲೈನ್‌ನಲ್ಲೇ ಕೊಡಬಹುದು.

ಫೀಸಿಗೂ ಮಿತಿ ಇದೆ. ನಿಗದಿ ಫೀಸಾದರೆ ಒಂದು ಕುಟುಂಬಕ್ಕೆ ವರ್ಷಕ್ಕೆ ಹೆಚ್ಚೆಂದರೆ 1,51,000 ರೂಪಾಯಿ. ನಮ್ಮಂಥ ಸಂಬಳದವರಿಗೆ ಅಷ್ಟೆಲ್ಲ ಆಗುವುದಿಲ್ಲ. ನಮಗೆ ಮೊದಲ ವರ್ಷಕ್ಕೆ 22,000 ಆಯಿತು. "ಸುಮ್ನೆ ಮಾತಾಡೋಕೆ ಅಷ್ಟು ದುಡ್ಡಾ?" ಅಂತ ನನ್ನ ಅಕ್ಕ ಕೇಳಿದಳು. ಆ ಪ್ರಶ್ನೆ ತಪ್ಪಲ್ಲ. ಹಾಗಾಗಿ ಲೆಕ್ಕ ಹಾಕಿ ತೋರಿಸಿದೆ. 2013ರ ಜನವರಿಯಿಂದ ಪ್ರತಿ ಫಂಡಿಗೂ ಡೈರೆಕ್ಟ್ ಪ್ಲ್ಯಾನ್ ಇದೆ. ಅದರಲ್ಲಿ ವಿತರಕರ ಕಮಿಷನ್ ಇಲ್ಲ. ಕಮಿಷನ್ ಇರುವ ರೆಗ್ಯುಲರ್ ಪ್ಲ್ಯಾನಿಗೂ ಇದಕ್ಕೂ ವರ್ಷಕ್ಕೆ ಮುಕ್ಕಾಲು ಪರ್ಸೆಂಟ್ ವ್ಯತ್ಯಾಸ ಅಂದುಕೊಳ್ಳಿ. 10 ಲಕ್ಷ ಇದ್ದರೆ ವರ್ಷಕ್ಕೆ 7,500 ರೂಪಾಯಿ. ಅದು ನಮ್ಮ ಕೈಯಿಂದ ಹೋದದ್ದು ಕಾಣುವುದಿಲ್ಲ, ಯಾಕಂದರೆ ಬಿಲ್ ಬರುವುದಿಲ್ಲ. ಫಂಡಿನ ದುಡ್ಡು ಬೆಳೆದ ಹಾಗೆ ಅದೂ ಬೆಳೆಯುತ್ತದೆ. ಫೀಸು ಕಣ್ಣಿಗೆ ಕಾಣುವ ಖರ್ಚು, ಅದಕ್ಕೇ ಜಾಸ್ತಿ ಅನ್ನಿಸುತ್ತದೆ.

ಹಾಗಂತ ಎಲ್ಲರೂ ಸಲಹೆಗಾರರ ಹತ್ತಿರ ಓಡಬೇಕು ಅಂತ ನಾನು ಹೇಳುವುದಿಲ್ಲ. ಈಗಷ್ಟೇ ಕೆಲಸಕ್ಕೆ ಸೇರಿ ಒಂದು ಎಸ್‌ಐಪಿ (ಫಂಡಿಗೆ ತಿಂಗಳು ತಿಂಗಳು ಕಟ್ಟುವ ಕಂತು) ಹಾಕುವ ಹುಡುಗನಿಗೆ ಇದು ಬೇಕಿಲ್ಲ. ಎರಡು ಸಂಬಳ, ಸಾಲ, ಮಕ್ಕಳು, ಊರಿನ ಜವಾಬ್ದಾರಿ ಒಟ್ಟಿಗೆ ಇರುವ ಮನೆಗೆ ಬೇಕು.

ನಾವು ಒಪ್ಪಿಕೊಂಡವರು ಥಾಣೆಯ ಒಬ್ಬ ಮಹಿಳೆ. ಮರಾಠಿಯವರು. ನಾವು ಹಿಂದಿಯಲ್ಲಿ ಮಾತಾಡುತ್ತೇವೆ. ಗಂಡ-ಹೆಂಡತಿ ಇಬ್ಬರೂ ಬರಬೇಕು ಅಂತ ಅವರೇ ಹೇಳಿದರು. ಅದೇ ನನಗೆ ಹಿಡಿಸಿತು. ಮೊದಲ ದಿನ ಅವರು ಯಾವ ಫಂಡಿನ ಹೆಸರನ್ನೂ ಎತ್ತಲಿಲ್ಲ. ಮಾರುಕಟ್ಟೆ ಬಿದ್ದರೆ ಎಷ್ಟು ತಡೆದುಕೊಳ್ಳುತ್ತೀರಿ ಅಂತ ಪ್ರಶ್ನೆಗಳ ಒಂದು ಫಾರ್ಮ್ ಕೊಟ್ಟರು. ಸಲಹೆ ಕೊಡುವ ಮುಂಚೆ ಇದನ್ನು ಮಾಡಲೇಬೇಕು ಅಂತ ನಿಯಮ. ನಮ್ಮಿಬ್ಬರ ಉತ್ತರ ಬೇರೆ ಬೇರೆ ಬಂತು. ಯಜಮಾನರಿಗೆ ದುಡ್ಡು ಮೂರನೇ ಒಂದು ಭಾಗ ಇಳಿದರೂ ನಿದ್ದೆ ಬರುತ್ತದಂತೆ. ನನಗೆ ಬರುವುದಿಲ್ಲ. ಇಷ್ಟು ವರ್ಷ ಸಂಸಾರ ಮಾಡಿ ನಾವು ಇದನ್ನು ಒಬ್ಬರಿಗೊಬ್ಬರು ಕೇಳಿರಲಿಲ್ಲ. ಯೋಜನೆ ನನ್ನ ಉತ್ತರಕ್ಕೆ ಹತ್ತಿರ ಇರಲಿ ಅಂತ ಯಜಮಾನರೇ ಹೇಳಿದರು.

ಆಮೇಲೆ ಊರಿನ ಬಗ್ಗೆ ಕೇಳಿದರು. ಮನೆ ಹಂಚಿನದ್ದೋ, ರಿಪೇರಿ ಯಾರು ಮಾಡಿಸುತ್ತಾರೆ, ಅತ್ತೆ-ಮಾವನಿಗೆ ಆರೋಗ್ಯ ವಿಮೆ ಇದೆಯೋ, ನಿವೃತ್ತಿಯಾದ ಮೇಲೆ ನೀವು ಅಲ್ಲಿಗೆ ಹೋಗುತ್ತೀರೋ ಇಲ್ಲೇ ಇರುತ್ತೀರೋ. ಕೊನೆಯ ಪ್ರಶ್ನೆಗೆ ನಮ್ಮಲ್ಲಿ ಈಗಲೂ ಉತ್ತರ ಇಲ್ಲ. ಎರಡಕ್ಕೂ ಲೆಕ್ಕ ಹಾಕಿಕೊಟ್ಟಿದ್ದಾರೆ.

ಪಾಲಿಸಿಗಳ ವಿಚಾರದಲ್ಲಿ ಅವರು ಬರೀ ಮಾತು ಹೇಳದೆ ಎಕ್ಸೆಲ್‌ನಲ್ಲಿ ಲೆಕ್ಕ ಮಾಡಿ ತೋರಿಸಿದರು. ಉದಾಹರಣೆಗೆ, ವರ್ಷಕ್ಕೆ 30,000ದಂತೆ 20 ವರ್ಷ ಕಟ್ಟಿ ಕೊನೆಗೆ 11 ಲಕ್ಷ ಬರುತ್ತದೆ ಅನ್ನಿ. 6 ಲಕ್ಷಕ್ಕೆ 11 ಲಕ್ಷ ಅಂದರೆ ದೊಡ್ಡದಾಗಿ ಕೇಳುತ್ತದೆ. ಆದರೆ ವರ್ಷದ ಲೆಕ್ಕದಲ್ಲಿ ಅದು ಸುಮಾರು 5.5 ಪರ್ಸೆಂಟ್. ಅದೇ ದುಡ್ಡನ್ನು ಸರ್ಕಾರದ ಉಳಿತಾಯ ಯೋಜನೆಯಾದ ಪಿಪಿಎಫ್‌ಗೆ ಹಾಕಿ, 2020ರ ಏಪ್ರಿಲ್‌ನಲ್ಲಿ ಬಂದ 7.1 ಪರ್ಸೆಂಟ್ ಬಡ್ಡಿಯೇ ಕೊನೆವರೆಗೂ ಇದ್ದರೆ 13 ಲಕ್ಷದ ಮೇಲಾಗುತ್ತದೆ. ವಿಮೆ ಅಂತ ನೋಡಿದರೂ, ಕಟ್ಟುವವರಿಗೆ ಏನಾದರೂ ಆದರೆ ಇಂಥ ಪಾಲಿಸಿಯಿಂದ ಬರುವುದು ಕೆಲವೇ ಲಕ್ಷ. ನಮ್ಮ ಫ್ಲ್ಯಾಟಿನ ಸಾಲಕ್ಕೂ ಅದು ಸಾಲದು. ಇನ್ನು ಟ್ಯಾಕ್ಸ್: ಯಜಮಾನರು ಹೊಸ ತೆರಿಗೆ ಪದ್ಧತಿಗೆ ಬಂದಾಗಿದೆ. ಅದರಲ್ಲಿ ವಿಮೆ ಪ್ರೀಮಿಯಂನಂಥದ್ದಕ್ಕೆ ಸಿಗುವ 80ಸಿ ವಿನಾಯಿತಿಯೇ ಇಲ್ಲ.

ಆದರೂ ಎಲ್ಲ ಪಾಲಿಸಿ ನಿಲ್ಲಿಸಿ ಅಂತ ಅವರು ಹೇಳಲಿಲ್ಲ. ಮುಗಿಯುವುದಕ್ಕೆ ಹತ್ತಿರ ಇರುವುದನ್ನು ಕಟ್ಟಿ ಮುಗಿಸಿ ಅಂದರು. ಇನ್ನೂ ಬಹಳ ವರ್ಷ ಬಾಕಿ ಇರುವುದನ್ನು ಪೇಯ್ಡ್-ಅಪ್ ಮಾಡಿಸಿದೆವು. ಅಂದರೆ ಮುಂದೆ ಪ್ರೀಮಿಯಂ ಇಲ್ಲ, ಕಟ್ಟಿದ್ದಕ್ಕೆ ತಕ್ಕ ಮೊತ್ತ ಅವಧಿ ಮುಗಿದಾಗ ಬರುತ್ತದೆ. ಇದರಲ್ಲಿ ಒಂದು ಕ್ರಮ ಇದೆ, ಅದು ತುಂಬ ಮುಖ್ಯ. ಮೊದಲು ಟರ್ಮ್ ಇನ್ಶೂರೆನ್ಸ್ (ಅವಧಿಯೊಳಗೆ ತೀರಿಕೊಂಡರೆ ಮಾತ್ರ ಮನೆಯವರಿಗೆ ದೊಡ್ಡ ಮೊತ್ತ ಕೊಡುವ ವಿಮೆ) ಆಗಿ ಪಾಲಿಸಿ ಕೈಗೆ ಬರಬೇಕು. ಆಮೇಲೆಯೇ ಹಳೆಯದಕ್ಕೆ ಕೈ ಹಾಕಬೇಕು. ನಡುವೆ ಏನಾದರೂ ಆದರೆ ಮನೆ ಬರಿಗೈಯಲ್ಲಿ ನಿಲ್ಲಬಾರದು. ಆರೋಗ್ಯ ವಿಮೆಯನ್ನೂ ಕಂಪನಿಯದ್ದನ್ನು ನಂಬಿ ಕೂರದೆ ಬೇರೆ ಮಾಡಿಸಿದೆವು. ಕೆಲಸ ಬಿಟ್ಟ ದಿನ ಕಂಪನಿಯ ವಿಮೆಯೂ ಹೋಗುತ್ತದೆ. ಮೊದಲೇ ಇರುವ ಕಾಯಿಲೆಯ ಖರ್ಚು ಕೊಡಲು ವಿಮೆಯವರು 3 ವರ್ಷದವರೆಗೂ ಕಾಯಿಸಬಹುದು, ಆದ್ದರಿಂದ ಗಟ್ಟಿಯಾಗಿರುವಾಗಲೇ ಮಾಡಿಸಬೇಕು.

ತುರ್ತಿನ ದುಡ್ಡು ಆರು ತಿಂಗಳ ಖರ್ಚಿನಷ್ಟು, ಇಎಂಐ ಸೇರಿಸಿ. ಅದನ್ನು ಎರಡು ಬ್ಯಾಂಕಿನಲ್ಲಿ ಹಂಚಿಟ್ಟೆವು. 2019ರ ಸೆಪ್ಟೆಂಬರ್‌ನಲ್ಲಿ ಪಿಎಂಸಿ ಅನ್ನುವ ಸಹಕಾರಿ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕಿನ ನಿರ್ಬಂಧ ಬಂದು, ಮೊದಲಿಗೆ 1,000 ರೂಪಾಯಿ ಮಾತ್ರ ತೆಗೆಯಬಹುದು ಅಂದಾಗ ಮುಂಬೈಯಲ್ಲಿ ಜನ ಪಟ್ಟ ಪಾಡು ನಮಗೆಲ್ಲ ನೆನಪಿದೆ. ಠೇವಣಿಗೆ ವಿಮೆ 2020ರ ಫೆಬ್ರವರಿಯಿಂದ 5 ಲಕ್ಷ ಆಗಿದೆ. ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ, ಅಸಲು ಬಡ್ಡಿ ಎರಡೂ ಸೇರಿ. ಚೀಟಿ ಬಿಡಿ ಅಂತ ಅವರು ಹೇಳಲಿಲ್ಲ. ಮಗಳ ಫೀಸಿಗೆ ಅದನ್ನು ನಂಬಬೇಡಿ ಅಂದರು. ಅದು ಸರಿ. ನಾನು ಈಗಲೂ ಹಾಕುತ್ತೇನೆ, ಬಂದದ್ದು ಊರಿನ ಖರ್ಚಿಗೆ.

ಸೋದರಮಾವನಿಗೆ ಹೇಳುವುದು ಉಳಿದಿತ್ತು. ಬೇರೆಯವರಿಂದ ತಿಳಿಯುವ ಮುಂಚೆ ನಾವೇ ಹೋಗಿ ಹೇಳಬೇಕು ಅಂತ ನಾನು ಪಟ್ಟು ಹಿಡಿದೆ. ಯಜಮಾನರು ಸುತ್ತಿ ಬಳಸದೆ ಹೇಳಿದರು. "ಮಾವ, ಬೇಜಾರು ಮಾಡ್ಕೊಬೇಡಿ. ಇನ್ನು ಮೇಲೆ ಹೊಸ ಪಾಲಿಸಿ ಮಾಡೋದಿಲ್ಲ. ಒಬ್ಬರಿಗೆ ಫೀಸು ಕೊಟ್ಟು ಎಲ್ಲ ಒಂದು ಲೆಕ್ಕಕ್ಕೆ ತಂದಿದ್ದೇವೆ." ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ಟರ್ಮ್ ಎಷ್ಟಕ್ಕೆ ಮಾಡಿದ್ದೆ?" ಅಂತ ಕೇಳಿದರು. ಹೇಳಿದಾಗ "ಅಷ್ಟು ಬೇಕೇ ಬೇಕು ಮಾರಾಯ, ಹೆಣ್ಣು ಹುಡುಗಿ ಇದೆ ಮನೆಯಲ್ಲಿ" ಅಂದರು. ಹಳೆಯ ಪಾಲಿಸಿಗಳನ್ನು ಪೇಯ್ಡ್-ಅಪ್ ಮಾಡಿಸುವ ಕಾಗದಪತ್ರಕ್ಕೆ ಬ್ರ್ಯಾಂಚಿಗೆ ನಮ್ಮ ಜೊತೆ ಬಂದವರೂ ಅವರೇ. ಅವರಿಗೆ ಅದರಿಂದ ನಷ್ಟವೇ. ಆದರೂ ಬಂದರು.

ಎಲ್ಲ ಖರೀದಿಯನ್ನೂ ನಾವೇ ನಮ್ಮ ಖಾತೆಯಿಂದ ಮಾಡುತ್ತೇವೆ. ಸಲಹೆಗಾರರ ಕೈಯಲ್ಲಿ ನಮ್ಮ ಪಾಸ್‌ವರ್ಡ್ ಇಲ್ಲ, ಒಟಿಪಿ ಅವರು ಕೇಳುವುದೂ ಇಲ್ಲ. ವರ್ಷಕ್ಕೊಮ್ಮೆ ಏಪ್ರಿಲ್‌ನಲ್ಲಿ ಕೂತು ಎಲ್ಲ ನೋಡುತ್ತೇವೆ, ಅದಕ್ಕೆ ಫೀಸು ಮೊದಲ ವರ್ಷಕ್ಕಿಂತ ಕಡಿಮೆ. ಈ ಸಲದ ಪಟ್ಟಿಯಲ್ಲಿ ಮಾವನವರ ದುಡ್ಡು ಇದೆ. ಊರಿನ ತೋಟದ ಒಂದು ಭಾಗ ಮಾರಿದ ಮೊತ್ತ ಉಳಿತಾಯ ಖಾತೆಯಲ್ಲೇ ಇದೆ. ಅಂಚೆ ಕಚೇರಿಯ ಹಿರಿಯ ನಾಗರಿಕರ ಯೋಜನೆಯ ಮಿತಿ 2023ರಿಂದ 30 ಲಕ್ಷ ಆಗಿದೆ, ಬಡ್ಡಿ ಮೂರು ತಿಂಗಳಿಗೊಮ್ಮೆ ಕೈಗೆ ಬರುತ್ತದೆ. ಅದರಲ್ಲಿ ಎಷ್ಟು ಇಡುವುದು, ಆಸ್ಪತ್ರೆಗೆ ಅಂತ ಎಷ್ಟು ಹೊರಗೆ ಇಡುವುದು ಅಂತ ಕೇಳಬೇಕು. ಮಾವನವರು ತಾವೂ ಫೋನಿನಲ್ಲಿ ಕೂತು ಕೇಳಿಸಿಕೊಳ್ಳುತ್ತೇನೆ ಅಂದಿದ್ದಾರೆ. ಅವರಿಗೆ ಹಿಂದಿ ಬರುವುದಿಲ್ಲ, ನಾನು ಪಕ್ಕದಲ್ಲಿ ಕನ್ನಡದಲ್ಲಿ ಹೇಳುತ್ತೇನೆ.