ಮೊದಲು ಕಾವು, ಆಮೇಲೆ ಹಾಲು

ಕಣ್ಣು ಬಿಡದ ತಬ್ಬಲಿ ಬೆಕ್ಕಿನ ಮರಿ ಮುಂಬಯಿಯ ಮಳೆಗಾಲ ದಾಟುವುದಿಲ್ಲ ಎಂದು ಮಾಟುಂಗಾದ ನಮ್ಮ ಬೀದಿಯಲ್ಲಿ ಎಲ್ಲರೂ ಹೇಳುತ್ತಿದ್ದರು. ವರ್ಷಗಟ್ಟಲೆ ಬೀದಿ ಪ್ರಾಣಿಗಳನ್ನು ನೋಡಿಕೊಂಡವರದ್ದೂ ಅದೇ ಮಾತು. ಈ ಸಲ ಹೋಟೆಲಿನ ಹಿಂದಿನ ಗಟಾರದ ಬಳಿ ಸಿಕ್ಕ ಮರಿಗಳು ಅಷ್ಟೂ ಉಳಿದವು, ಈಗ ಪರದೆ ಹತ್ತುತ್ತಿವೆ.

ನಮ್ಮ ಬಳಗದಲ್ಲಿ ಮೊದಲು ಸತ್ತ ಮರಿಗಳಲ್ಲಿ ಹೆಚ್ಚಿನವು ಹಾಲು ಕುಡಿದ ಮೇಲೆಯೇ ಸತ್ತವು. ಮೈ ತಣ್ಣಗಿದ್ದರೆ ಕರುಳು ನಡೆಯುವುದಿಲ್ಲ, ಹಾಲು ಹೊಟ್ಟೆಯಲ್ಲೇ ನಿಲ್ಲುತ್ತದೆ. ಹಾಗಾಗಿ ಥರ್ಮಾಮೀಟರ್ 95 ಫ್ಯಾರನ್‌ಹೀಟ್ ದಾಟುವ ತನಕ ನನ್ನ ಕೈಯಿಂದ ಒಂದು ತೊಟ್ಟು ಹಾಲೂ ಇಲ್ಲ. ಈ ಮರಿಗಳಲ್ಲಿ ಒಂದಕ್ಕೆ ಡಿಜಿಟಲ್ ಥರ್ಮಾಮೀಟರ್ ಬರೀ 'ಲೋ' ಎಂದಿತ್ತು. ಒಸಡಿಗೆ ಗ್ಲೂಕೋಸ್ ನೀರು ಸವರಿ, ನಿಧಾನಕ್ಕೆ, ತಾಸುಗಟ್ಟಲೆ ಕಾವು ಕೊಟ್ಟೆ. ಪಕ್ಕದವರು "ಹಸಿವಿನಿಂದ ಕೊಲ್ಲುತ್ತೀರಿ" ಎಂದು ಬೈದರು. ಮಧ್ಯರಾತ್ರಿಯ ಹೊತ್ತಿಗೆ ಅದೇ ಮರಿ ನಿಪ್ಪಲ್ ಕಚ್ಚಿ ಎಳೆಯಿತು.

ಕಾವಿಗೆ ಬಲ್ಬು ಹಾಕಿ ನೋಡಿದ್ದೆ, ಮರಿಗಳ ಚರ್ಮ ಒಣಗಿತು. ಹೀಟಿಂಗ್ ಪ್ಯಾಡಿಗೆ ಹನ್ನೆರಡು ನೂರು ಕೊಟ್ಟದ್ದು ದಂಡ, ಒಂದು ಮೂಲೆ ಮಾತ್ರ ಸುಡುತ್ತಿತ್ತು. ಕೊನೆಗೆ ಗೆದ್ದದ್ದು ಕಾಲುಚೀಲದಲ್ಲಿಟ್ಟ ಬಿಸಿನೀರಿನ ಬಾಟಲಿ, ಪೆಟ್ಟಿಗೆಯ ಅರ್ಧಕ್ಕೆ ಮಾತ್ರ. ಸೆಕೆಯಾದರೆ ಮರಿ ತಾನೇ ಆಚೆ ಸರಿಯುತ್ತದೆ.

ಮರಿಗಳ ಹಾಲಿನ ಪುಡಿ ಡಬ್ಬಕ್ಕೆ ಸಾವಿರದ ಆಸುಪಾಸು, ವಾರಕ್ಕೆ ಒಂದು ಖಾಲಿ. ಖರ್ಚು ಇಳಿಸಲು ನಡುವೆ ಆಡಿನ ಹಾಲು ತರಿಸಿದೆ. ಭೇದಿಯಾಗಲಿಲ್ಲ, ಆದರೆ ದಿನಕ್ಕೆ ಹತ್ತು ಗ್ರಾಂ ಏರಬೇಕಾದ ತೂಕ ನಾಲ್ಕೈದಕ್ಕೆ ನಿಂತಿತು. ಮರಳಿ ಪುಡಿಗೇ ಬಂದೆ. ಇದು ಗೊತ್ತಾದದ್ದು ನಾನೂರು ರೂಪಾಯಿಯ ಅಡುಗೆ ತಕ್ಕಡಿಯಿಂದ. ತೂಕ ಒಂದು ದಿನ ಏರದಿದ್ದರೆ ಡಾಕ್ಟರಿಗೆ ಫೋನು, ಎರಡನೆಯ ದಿನಕ್ಕೆ ಕಾಯುವ ಮಾತೇ ಇಲ್ಲ. ಬಾಟಲಿ ಹಿಡಿಯದ ಮರಿಗೆ ನನ್ನದೊಂದು ಉಪಾಯವಿದೆ. ಅದನ್ನು ಕಲಿಯುವವರನ್ನು ಎದುರಿಗೆ ಕೂರಿಸಿ ಕೈ ಹಿಡಿದೇ ಕಲಿಸಬೇಕು. ಓದಿ ಮಾಡಿದರೆ ಹಾಲು ಶ್ವಾಸಕೋಶಕ್ಕೆ ಹೋದೀತು, ಆದ್ದರಿಂದ ಇಲ್ಲಿ ಬರೆಯುವುದಿಲ್ಲ.

ಮೂರು ವಾರಕ್ಕೆ ಜಂತಿನ ಔಷಧಿ ಶುರು, ಪೈರಾಂಟೆಲ್, ಎರಡು ವಾರಕ್ಕೊಮ್ಮೆ, ಡೋಸು ಡಾಕ್ಟರು ತೂಕ ನೋಡಿ ಹೇಳಿದಷ್ಟೇ. ಎಂಟು ವಾರಕ್ಕೆ ಮೊದಲ ತ್ರೀ-ಇನ್-ಒನ್ ಲಸಿಕೆ, ಮೂರು ರೋಗಕ್ಕೆ ಒಂದೇ ಚುಚ್ಚುಮದ್ದು. "ಒಂದು ಹಾಕಿದರೆ ಆಯ್ತಲ್ಲ" ಎನ್ನುವವರಿಗೆ ನಾನು ಮರಿ ಕೊಡುವುದೇ ಇಲ್ಲ. ತಾಯಿಯಿಂದ ಬಂದ ಪ್ರತಿಕಾಯ ರಕ್ತದಲ್ಲಿರುವಾಗ ಹಾಕಿದ ಲಸಿಕೆ ಹಿಡಿಯದೆ ಹೋಗಬಹುದು, ಅದಕ್ಕೇ ಮೂರು ನಾಲ್ಕು ವಾರಕ್ಕೊಮ್ಮೆ ಹಾಕುತ್ತಾ 16 ವಾರದವರೆಗೆ ಹೋಗಬೇಕು. ರೇಬೀಸ್ ಲಸಿಕೆ ಮೂರು ತಿಂಗಳಿಗೆ. ಒಂದು ಮರಿಗೆ ಒಟ್ಟು ನಾಲ್ಕೈದು ಸಾವಿರ ಬಿತ್ತು. ಆ ಮೂರರಲ್ಲಿ ಒಂದಾದ ಪ್ಯಾನ್‌ಲ್ಯೂಕೋಪೀನಿಯಾ ಎಂಬ ಮಾರಕ ವೈರಸ್ ರೋಗ ಬಂದು ಡ್ರಿಪ್ ಹಾಕಿಸಿದರೆ ಅಷ್ಟು ದುಡ್ಡು ಎರಡು ದಿನಕ್ಕೂ ಸಾಲದು.

ಆ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಮರಿ ಸತ್ತ ಮನೆಯವರು ಮೊದಲು ಸೋಪಿನಲ್ಲಿ ತೊಳೆಯಿರಿ, ಆಮೇಲೆ ಲೀಟರಿಗೆ 30 ಎಂಎಲ್ ಬ್ಲೀಚ್ ಬೆರೆಸಿ ಹತ್ತು ನಿಮಿಷ ನೆಲ ಒದ್ದೆಯಾಗಿಯೇ ಇರಲಿ. ಫಿನೈಲ್ ಮಾತ್ರ ಬೇಡವೇ ಬೇಡ. ಬೆಕ್ಕು ಪಂಜ ನೆಕ್ಕುತ್ತದೆ, ಅದು ಬೆಕ್ಕಿಗೆ ವಿಷ.