ನೋಟರಿ ವಕೀಲರ ಹೊಣೆಗಾರಿಕೆ ಮತ್ತು ವಿಮೆ: ಪಾಲಿಸಿ ತೆಗೆದುಕೊಳ್ಳುವ ಮೊದಲು ನೋಡಬೇಕಾದದ್ದು

1952ರ ನೋಟರಿ ಕಾಯಿದೆಯಡಿ ನೇಮಕಗೊಂಡ ವಕೀಲರಿಗೆ ಸರಕಾರವು ಕಾಗದಪತ್ರಗಳನ್ನು ದೃಢೀಕರಿಸುವ ಅಧಿಕಾರವನ್ನು ಕೊಡುತ್ತದೆಯೇ ಹೊರತು ಸಂಬಳವನ್ನಾಗಲಿ, ತಪ್ಪಾದಾಗ ಬೆನ್ನಿಗೆ ನಿಲ್ಲುವ ಇಲಾಖೆಯನ್ನಾಗಲಿ ಕೊಡುವುದಿಲ್ಲ. ಮಂಗಳೂರಿನ ನ್ಯಾಯಾಲಯದ ಆಸುಪಾಸಿನಲ್ಲೋ ಉಡುಪಿಯ ಪೇಟೆಯಲ್ಲೋ ಒಂದು ಮೇಜು, ಒಬ್ಬ ಗುಮಾಸ್ತ, ಒಂದು ಮೊಹರು ಇಟ್ಟುಕೊಂಡು ಕೆಲಸ ಮಾಡುವ ನೋಟರಿಯು ಪೂರ್ತಿಯಾಗಿ ಸ್ವತಂತ್ರ ವೃತ್ತಿಪರ. ಐದು ವರ್ಷಗಳ ಹಿಂದಿನ ಯಾವುದೋ ಕಾಗದದ ಬಗ್ಗೆ ಸಮನ್ಸ್ ಬಂದರೆ ಅದು ಬರುವುದು ಅವರ ಹೆಸರಿಗೆ, ಖರ್ಚು ಹೋಗುವುದು ಅವರ ಕಿಸೆಯಿಂದ. ಹಾಗಿದ್ದರೂ ವಾಹನಕ್ಕೆ, ಆರೋಗ್ಯಕ್ಕೆ ವಿಮೆ ಮಾಡಿಸಿದ ನಮ್ಮಲ್ಲಿ ಹಲವರು ವೃತ್ತಿಯ ಹೊಣೆಗೆ ವಿಮೆ ಮಾಡಿಸಿಲ್ಲ. ಅಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಹೊಣೆ ಎಲ್ಲೆಲ್ಲಿಂದ ಬರುತ್ತದೆ ಎಂಬುದು ಸ್ಪಷ್ಟವಾಗಬೇಕು. ವೃತ್ತಿ ದುರ್ನಡತೆಯ ದೂರು ಬಂದರೆ 1956ರ ನೋಟರಿ ನಿಯಮಗಳ 13ನೇ ನಿಯಮದಂತೆ ವಿಚಾರಣೆ ನಡೆಯುತ್ತದೆ. ತಪ್ಪಿತಸ್ಥರೆಂದು ಕಂಡುಬಂದರೆ ಕಾಯಿದೆಯ 10ನೇ ಕಲಮಿನಡಿ ಹೆಸರನ್ನೇ ರಿಜಿಸ್ಟರಿನಿಂದ ತೆಗೆಯಬಹುದು. ಕ್ರಿಮಿನಲ್ ಪ್ರಕರಣದ ವಿಷಯಕ್ಕೆ ಬಂದಾಗ 13ನೇ ಕಲಮು ನಮಗೆ ಆಸರೆಯಾಗಿದೆ. ನೋಟರಿಯು ತನ್ನ ಕರ್ತವ್ಯದ ನಿರ್ವಹಣೆಯಲ್ಲಿ ಮಾಡಿದ ಅಪರಾಧವೆಂದು ಹೇಳಲಾದ ಕೃತ್ಯವನ್ನು, ಸರಕಾರದಿಂದ ಅಧಿಕಾರ ಪಡೆದ ಅಧಿಕಾರಿಯ ಲಿಖಿತ ದೂರು ಇಲ್ಲದೆ ನ್ಯಾಯಾಲಯವು ವಿಚಾರಣೆಗೆ ಎತ್ತಿಕೊಳ್ಳುವಂತಿಲ್ಲ. ಆದರೆ ಈ ಕಲಮು ಸಿವಿಲ್ ದಾವೆಗೆ ಅಡ್ಡ ಬರುವುದಿಲ್ಲ ಎಂಬುದನ್ನು ನಾವು ಮರೆಯುತ್ತೇವೆ. ನಿಮ್ಮ ಅಜಾಗರೂಕತೆಯಿಂದ ಆಸ್ತಿ ಕಳೆದುಕೊಂಡೆ ಎಂದು ಒಬ್ಬರು ನಷ್ಟಪರಿಹಾರ ಕೇಳಿದರೆ 13ನೇ ಕಲಮು ಅಲ್ಲಿ ಕೆಲಸಕ್ಕೆ ಬಾರದು. ವಕೀಲರ ಸೇವೆ ಗ್ರಾಹಕ ಸಂರಕ್ಷಣಾ ಕಾಯಿದೆಯ ವ್ಯಾಪ್ತಿಗೆ ಬರುವುದಿಲ್ಲವೆಂದು ಸುಪ್ರೀಂ ಕೋರ್ಟ್ 2024ರ ಮೇ ತಿಂಗಳಲ್ಲಿ ಹೇಳಿದ್ದು ನಿಜ. ಆ ತೀರ್ಪು ಇರುವುದು ವಕಾಲತ್ತಿನ ಕೆಲಸದ ಬಗ್ಗೆ. ನೋಟರಿ ಕೆಲಸಕ್ಕೂ ಅದು ರಕ್ಷೆಯೆಂದು ನಂಬಿ ಕೂರುವುದು ಜಾಣತನವಲ್ಲ. ಸಿವಿಲ್ ನ್ಯಾಯಾಲಯದ ಬಾಗಿಲಂತೂ ವಕೀಲರ ಮಟ್ಟಿಗೂ ತೆರೆದೇ ಇದೆ.

ನಮ್ಮ ಜಿಲ್ಲೆಗಳಲ್ಲಿ ಅಪಾಯ ಹೆಚ್ಚಿರುವುದು ಜಿಪಿಎಗಳಲ್ಲಿ, ಅಂದರೆ ತನ್ನ ಪರವಾಗಿ ವ್ಯವಹರಿಸಲು ಇನ್ನೊಬ್ಬರಿಗೆ ಅಧಿಕಾರ ಕೊಡುವ ಮುಖ್ತ್ಯಾರು ಪತ್ರಗಳಲ್ಲಿ. ಹೆಣ್ಣಿನ ಕಡೆಯಿಂದ ಪಾಲು ಬರುವ ಅಳಿಯಸಂತಾನ ಕುಟುಂಬದ ಆಸ್ತಿ, ಹತ್ತಿಪ್ಪತ್ತು ಮಂದಿ ಪಾಲುದಾರರು, ಅವರಲ್ಲಿ ಅರ್ಧ ಜನ ಮುಂಬಯಿಯಲ್ಲೋ ಗಲ್ಫಿನಲ್ಲೋ ಇರುವವರು. ಕೆಲವು ವರ್ಷಗಳ ಹಿಂದೆ ಸುರತ್ಕಲ್ ಕಡೆಯ ಯುವಕನೊಬ್ಬ, ದೊಡ್ಡಮ್ಮನ ಸಹಿ ಆಗಲೇ ಬಿದ್ದಿದ್ದ ಜಿಪಿಎ ತಂದು, ಅವರು ಹಾಸಿಗೆ ಹಿಡಿದಿದ್ದಾರೆ, ಒಂದು ಮೊಹರು ಹಾಕಿಕೊಡಿ ಎಂದ. ನಾನೇ ಮನೆಗೆ ಬರುತ್ತೇನೆಂದು ಹೇಳಿ ಆ ಸಂಜೆ ಹೋದೆ. ಕಾಗದವನ್ನು ತುಳುವಿನಲ್ಲಿ ಓದಿ ಹೇಳಿದಾಗ ಆ ತಾಯಿ ಬೆರಳಲ್ಲಿ ತನ್ನ ಸಹಿಯನ್ನೇ ಮುಟ್ಟಿ ನೋಡಿ, ಇದು ಕರೆಂಟ್ ಕನೆಕ್ಷನ್ನಿನ ಅರ್ಜಿಯಲ್ಲವೇ ಎಂದು ಕೇಳಿದರು. ನಾನು ಮೊಹರು ಹಾಕದೆ ಹಿಂದಿರುಗಿದೆ. ಹಾಕಿದ್ದರೆ ಅದು ಯಾವ ವಿಮೆಯೂ ತುಂಬಿಕೊಡದ ತಪ್ಪಾಗುತ್ತಿತ್ತು. ಕಾಗದಕ್ಕೆ ಸಹಿ ಹಾಕಿದವರು ಎದುರಿಗೆ ಇರಲಿಲ್ಲ ಎಂದು ಗೊತ್ತಿದ್ದೂ 'ನನ್ನ ಸಮಕ್ಷಮ' ಎಂದು ಬರೆಯುವುದು ಕಣ್ತಪ್ಪಲ್ಲ, ತಿಳಿದು ಮಾಡಿದ ಸುಳ್ಳು. ವಿಮೆ ಇರುವುದು ಕಣ್ತಪ್ಪಿಗೆ ಮಾತ್ರ.

ಅಂತರ್ಜಾಲದಲ್ಲಿ ಈ ವಿಷಯ ಹುಡುಕಿದರೆ ಹೆಚ್ಚಾಗಿ ಸಿಗುವುದು ಅಮೆರಿಕದ ಮಾಹಿತಿ. ಅಲ್ಲಿನ ಹಲವು ರಾಜ್ಯಗಳಲ್ಲಿ ನೋಟರಿಯು ಬಾಂಡ್, ಅಂದರೆ ಕಂಪನಿಯೊಂದರ ಜಾಮೀನು ಪತ್ರ, ಕೊಡಬೇಕು. ಕ್ಯಾಲಿಫೋರ್ನಿಯಾದಲ್ಲಿ ಅದು 15,000 ಡಾಲರಿನದು. ಆ ಬಾಂಡ್ ರಕ್ಷಿಸುವುದು ಸಾರ್ವಜನಿಕರನ್ನು, ನೋಟರಿಯನ್ನಲ್ಲ. ಬಾಂಡ್ ಕಂಪನಿ ತೆತ್ತ ಹಣವನ್ನು ನೋಟರಿಯಿಂದಲೇ ವಸೂಲು ಮಾಡುತ್ತದೆ. ನಮ್ಮ ಕಾಯಿದೆಯು ಬಾಂಡನ್ನೂ ಕೇಳುವುದಿಲ್ಲ, ವಿಮೆಯನ್ನೂ ಕಡ್ಡಾಯ ಮಾಡಿಲ್ಲ. ನಮಗೆ ಬೇಕಾದದ್ದು ಪ್ರೊಫೆಷನಲ್ ಇಂಡೆಮ್ನಿಟಿ, ಅಂದರೆ ವೃತ್ತಿಯ ಹೊಣೆಯ ಪಾಲಿಸಿ. ನ್ಯೂ ಇಂಡಿಯಾ, ಯುನೈಟೆಡ್ ಇಂಡಿಯಾದಂಥ ಸರಕಾರಿ ಸ್ವಾಮ್ಯದ ಕಂಪನಿಗಳಲ್ಲೂ ಖಾಸಗಿ ಕಂಪನಿಗಳಲ್ಲೂ ವಕೀಲರಿಗೆಂದು ಇದು ಸಿಗುತ್ತದೆ.

'ವಕೀಲರಿಗೆಂದು' ಎಂಬ ಮಾತಿನಲ್ಲಿಯೇ ತೊಡಕಿದೆ. ಪಾಲಿಸಿಯ ವಿವರಪಟ್ಟಿಯಾದ ಷೆಡ್ಯೂಲಿನಲ್ಲಿ ವೃತ್ತಿಯ ವಿವರಣೆಯ ಸಾಲಿನಲ್ಲಿ ಬರೇ ವಕೀಲ ಎಂದಿದ್ದರೆ, ಮೊಹರಿನ ಕೆಲಸದಿಂದ ಬಂದ ಕ್ಲೇಮನ್ನು ಕಂಪನಿಯು ಅದು ಬೇರೆ ಕೆಲಸವೆಂದು ತಳ್ಳಿಹಾಕಲು ಅವಕಾಶವಾಗುತ್ತದೆ. 1952ರ ಕಾಯಿದೆಯಡಿಯ ನೋಟರಿ ಕೆಲಸವೂ ಸೇರಿದಂತೆ ಎಂದು ಪ್ರೊಪೋಸಲ್ ಫಾರಮಿನಲ್ಲಿ ನೀವೇ ಬರೆಯಿರಿ. ಅದು ಷೆಡ್ಯೂಲಿನಲ್ಲಿ ಅಚ್ಚಾಗಿ ಬರುವವರೆಗೆ ಏಜೆಂಟರ ಬಾಯಿಮಾತನ್ನು ನಂಬಬೇಡಿ.

ಇನ್ನೊಂದು ಸಾಲು ರೆಟ್ರೋಆಕ್ಟಿವ್ ದಿನಾಂಕದ್ದು, ಅಂದರೆ ಎಂದಿನಿಂದ ಮಾಡಿದ ಕೆಲಸಕ್ಕೆ ರಕ್ಷಣೆ ಇದೆ ಎಂಬುದರದ್ದು. ಈ ಪಾಲಿಸಿಗಳು ಸಾಮಾನ್ಯವಾಗಿ ಕ್ಲೇಮ್ಸ್ ಮೇಡ್ ಆಧಾರದವು. ಅಂದರೆ ತಪ್ಪು ನಡೆದ ವರ್ಷದ ಪಾಲಿಸಿಯಲ್ಲ, ಕ್ಲೇಮ್ ಬಂದ ವರ್ಷದ ಪಾಲಿಸಿ ಲೆಕ್ಕಕ್ಕೆ ಬರುತ್ತದೆ, ಅದೂ ತಪ್ಪು ನಡೆದದ್ದು ರೆಟ್ರೋಆಕ್ಟಿವ್ ದಿನಾಂಕದ ನಂತರವಾಗಿದ್ದರೆ ಮಾತ್ರ. ಇಂಥ ದಾವೆ ಹೂಡಲು ವಾಯಿದೆ, ಅಂದರೆ ಕಾಲಮಿತಿ, ಸಾಮಾನ್ಯವಾಗಿ ಮೂರು ವರ್ಷವಾದರೂ, ವಂಚನೆ ಇದ್ದಲ್ಲಿ 1963ರ ವಾಯಿದೆ ಕಾಯಿದೆಯ 17ನೇ ಕಲಮಿನಂತೆ ಅದು ಬೆಳಕಿಗೆ ಬಂದ ದಿನದಿಂದ ಎಣಿಕೆ ಶುರುವಾಗುತ್ತದೆ. ಗಲ್ಫಿನಲ್ಲಿದ್ದ ಪಾಲುದಾರರು ಊರಿಗೆ ಬಂದು ಪಹಣಿ ತೆಗೆಸಿದಾಗಲೇ ಎಷ್ಟೋ ವಿಷಯ ಹೊರಬೀಳುವುದು. ಆದ್ದರಿಂದ ಒಂದು ವರ್ಷವೂ ನವೀಕರಣ ತಪ್ಪಿಸಬಾರದು. ತಪ್ಪಿದರೆ ಹೊಸ ಪಾಲಿಸಿಯಲ್ಲಿ ಹಳೆಯ ದಿನಾಂಕ ಉಳಿಯುವ ಖಾತರಿಯಿಲ್ಲ. ವೃತ್ತಿ ನಿಲ್ಲಿಸಿದ ಮೇಲೂ ಕೆಲವು ವರ್ಷ ರಕ್ಷಣೆ ಮುಂದುವರಿಸಲು ಸಾಧ್ಯವೇ ಎಂದು ಈಗಲೇ ಲಿಖಿತವಾಗಿ ಕೇಳಿಡಿ.

ಮೊತ್ತದ ವಿಷಯದಲ್ಲಿ ಕೇಳಬೇಕಾದ್ದು ಒಂದೇ: ನಿಮ್ಮ ಪರ ವಾದಿಸುವ ವಕೀಲರ ಫೀಸು ಪಾಲಿಸಿಯ ಗರಿಷ್ಠ ಮೊತ್ತದ ಮಿತಿಯ ಒಳಗೋ ಹೊರಗೋ. 25 ಲಕ್ಷದ ಮಿತಿಯಲ್ಲಿ 3 ಲಕ್ಷ ವ್ಯಾಜ್ಯಕ್ಕೆ ಹೋದರೆ ಪರಿಹಾರಕ್ಕೆ ಉಳಿಯುವುದು 22 ಲಕ್ಷ.

ಯಾವುದು ಸಿಗದು ಎಂಬ ಪಟ್ಟಿಯನ್ನು ನಿಧಾನವಾಗಿ ಓದಿ. ವಂಚನೆ, ದಂಡ, ಮೊದಲೇ ಗೊತ್ತಿದ್ದ ವಿವಾದಗಳು ಹೊರಗುಳಿಯುತ್ತವೆ. ಅಧಿಕಾರ ಮೀರಿದ ಕೆಲಸಕ್ಕೂ ರಕ್ಷಣೆ ಸಿಗುವ ಭರವಸೆಯಿಲ್ಲ. ನೋಟರಿಗಳು ವಿವಾಹ ಪತ್ರ, ವಿಚ್ಛೇದನ ಪತ್ರ ಮಾಡಿಕೊಡುವಂತಿಲ್ಲವೆಂದು ಕೇಂದ್ರ ಕಾನೂನು ಸಚಿವಾಲಯ 2024ರ ಅಕ್ಟೋಬರಿನಲ್ಲಿ ಜ್ಞಾಪನಾಪತ್ರ ಹೊರಡಿಸಿದ ಮೇಲೆ, ಗೊತ್ತಿರಲಿಲ್ಲ ಎನ್ನುವ ಸಮಜಾಯಿಷಿಯೂ ನಡೆಯದು. ಬ್ಯಾಂಕು, ಗೃಹಸಾಲ ಸಂಸ್ಥೆಗಳ ಪ್ಯಾನೆಲಿನಲ್ಲಿ ಗುತ್ತಿಗೆಯ ಮೇಲೆ ಕೆಲಸ ಮಾಡುವವರು ಇನ್ನೊಂದನ್ನು ಗಮನಿಸಬೇಕು. ಆ ಕರಾರಿನಲ್ಲಿ ಸಂಸ್ಥೆಯ ಎಲ್ಲ ನಷ್ಟವನ್ನೂ ತುಂಬಿಕೊಡುತ್ತೇನೆ ಎಂಬ ಷರತ್ತಿದ್ದರೆ, ಕಾನೂನು ಹೇರದ, ನೀವಾಗಿ ಒಪ್ಪಿಕೊಂಡ ಆ ಹೆಚ್ಚುವರಿ ಹೊಣೆಯನ್ನು ಪಾಲಿಸಿ ಸಾಮಾನ್ಯವಾಗಿ ಹೊರುವುದಿಲ್ಲ. 'ನನ್ನ ಅಜಾಗರೂಕತೆಯಿಂದ ಆದ ನಷ್ಟದ ಮಟ್ಟಿಗೆ' ಎಂದು ತಿದ್ದಿಸಿಯೇ ಸಹಿ ಹಾಕಿ.

ಕ್ಲೇಮು ನಿಲ್ಲುವುದೂ ಬೀಳುವುದೂ ನೋಟರಿ ರಿಜಿಸ್ಟರಿನ ಮೇಲೆ. ಗುರುತಿನ ಚೀಟಿಯ ವಿವರ, ಸಹಿ, ಹೆಬ್ಬೆಟ್ಟು, ಯಾವ ಭಾಷೆಯಲ್ಲಿ ಓದಿ ಹೇಳಿದಿರಿ ಎಂಬ ಷರಾ ಆ ದಿನವೇ ದಾಖಲಾಗಬೇಕು. ನಮ್ಮ ಮಳೆಗಾಲದಲ್ಲಿ ಜೆಲ್ ಪೆನ್ನಿನ ಬರಹ ಹರಡುತ್ತದೆ, ರಟ್ಟಿಗೆ ಬೂಸ್ಟು ಹಿಡಿಯುತ್ತದೆ. ಬಾಲ್ ಪೆನ್ನು ಬಳಸಿ, ಜೂನ್‌ಗೆ ಮೊದಲು ಪುಟಗಳನ್ನು ಸ್ಕ್ಯಾನ್ ಮಾಡಿಸಿ.

ನೋಟಿಸು ಬಂದರೆ ಉತ್ತರ ಬರೆಯುವ ಮೊದಲು ವಿಮಾ ಕಂಪನಿಗೆ ಇಮೇಲಿನಲ್ಲೂ ಸ್ಪೀಡ್ ಪೋಸ್ಟಿನಲ್ಲೂ ತಿಳಿಸಿ. ದಾವೆ ಇನ್ನೂ ಹೂಡಿಲ್ಲವೆಂದು ಕಾಯುವುದು ಬೇಡ. ಸುಳಿವು ಸಿಕ್ಕಿದ್ದೂ ತಿಳಿಸದಿರುವುದೇ ಕ್ಲೇಮ್ ತಿರಸ್ಕಾರಕ್ಕೆ ಕಾರಣವಾಗಬಲ್ಲದು. ಪರಿಚಯದವರೆಂದು ಕರೆದು ಮಾತಾಡಿ, ನನ್ನಿಂದ ತಪ್ಪಾಯಿತು ಎಂದು ಒಪ್ಪಿಕೊಂಡು, ರಾಜಿಯ ಮೊತ್ತ ಹೇಳಬೇಡಿ. ಕಂಪನಿಯ ಲಿಖಿತ ಒಪ್ಪಿಗೆಯಿಲ್ಲದ ರಾಜಿಯ ಹಣವನ್ನು ನೀವೇ ತೆರಬೇಕಾದೀತು. ಪೊಲೀಸರು ರಿಜಿಸ್ಟರ್ ಕೇಳಿದರೆ, ಪುಟಗಳ ಪ್ರತಿ ಇಟ್ಟುಕೊಂಡು, ಸ್ವೀಕೃತಿ ಬರೆಸಿಕೊಂಡೇ ಕೊಡಿ, ಆ ಸ್ವೀಕೃತಿಯ ಪ್ರತಿಯನ್ನೂ ಕಂಪನಿಗೆ ಕಳುಹಿಸಿ.