ಲಾರಿ ಕ್ಯಾಬಿನ್ ತಣ್ಣಗಾಗುತ್ತಿಲ್ಲವೇ? ಗ್ಯಾಸ್ ಹಾಕಿಸುವ ಮುನ್ನ ನೋಡಬೇಕಾದದ್ದು

ಕೋಲಾರದ ಎಪಿಎಂಸಿ ಪ್ರಾಂಗಣದಲ್ಲಿ ಟೊಮೆಟೊ ತುಂಬಿಸಿಕೊಳ್ಳಲು ಮಟಮಟ ಮಧ್ಯಾಹ್ನ ಸಾಲಿನಲ್ಲಿ ನಿಂತ ಲಾರಿಯಾಗಲಿ, ಶ್ರೀನಿವಾಸಪುರದ ಮಂಡಿಯಿಂದ ಮಾವು ಹೊತ್ತು ಹೊರಟ ಕ್ಯಾಂಟರ್ ಆಗಲಿ, ಕ್ಯಾಬಿನ್ನಿನ ಎಸಿ ಸೋತಿತೆಂದರೆ ಎಲ್ಲರ ಬಾಯಲ್ಲೂ ಮೊದಲು ಬರುವ ಮಾತು ಗ್ಯಾಸ್ ಮುಗಿದಿದೆ ಎಂಬುದೇ. ಆದರೆ ಎಸಿಯ ಗ್ಯಾಸ್ ಡೀಸೆಲ್‌ನಂತೆ ಉರಿದು ಮುಗಿಯುವ ವಸ್ತುವಲ್ಲ. ಅದು ಮುಚ್ಚಿದ ಕೊಳವೆಗಳ ಒಳಗೆ ಸುತ್ತುತ್ತಲೇ ಇರುತ್ತದೆ. ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ ಎಂದೇ ಅರ್ಥ. ಸೋರಿಕೆಯನ್ನು ಹುಡುಕದೆ ಗ್ಯಾಸ್ ತುಂಬಿಸಿಕೊಂಡರೆ ಹಣ ಗಾಳಿಗೆ ಹೋಗುತ್ತದೆ. ಇನ್ನು ಎಷ್ಟೋ ಸಲ ಗ್ಯಾಸ್ ಸರಿಯಾಗಿಯೇ ಇದ್ದು ದೋಷ ಬೇರೆಡೆ ಇರುತ್ತದೆ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಎನ್2 ಮತ್ತು ಎನ್3 ವರ್ಗದ, ಅಂದರೆ ಒಟ್ಟು ತೂಕ 3.5 ಟನ್‌ಗಿಂತ ಹೆಚ್ಚಿರುವ ಸರಕು ವಾಹನಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯವಾಗಿರುವುದರಿಂದ, ಈ ತಿಳಿವಳಿಕೆ ಈಗ ಪ್ರತಿಯೊಬ್ಬ ಚಾಲಕನಿಗೂ ಮಾಲೀಕನಿಗೂ ಬೇಕಾಗಿದೆ.

ಮೊದಲು ತೊಂದರೆಯನ್ನು ಅಳೆಯಿರಿ. ಎಂಜಿನ್ ಚಾಲೂ ಮಾಡಿ, ಹೊರಗಾಳಿ ಬರದಂತೆ ಒಳಗಾಳಿಯೇ ಸುತ್ತುವ ಗುಂಡಿಯನ್ನು ಒತ್ತಿ, ಬ್ಲೋವರನ್ನು ಪೂರ್ತಿ ವೇಗಕ್ಕಿಟ್ಟು, ಕಿಟಕಿ ಮುಚ್ಚಿ ಹತ್ತು ನಿಮಿಷ ಬಿಡಿ. ಬಳಿಕ ನಡುವಿನ ಕಿಂಡಿಯೊಳಗೆ ಒಂದು ಸಣ್ಣ ಥರ್ಮಾಮೀಟರ್ ಇಟ್ಟು ನೋಡಿ. ಹೊರಗೆ 35 ಡಿಗ್ರಿ ಬಿಸಿಲಿರುವಾಗ ಕಿಂಡಿಯ ಗಾಳಿ ಸುಮಾರು 8ರಿಂದ 12 ಡಿಗ್ರಿಯಷ್ಟಿದ್ದರೆ ಎಸಿ ತನ್ನ ಕೆಲಸ ಮಾಡುತ್ತಿದೆ. ಹಾಗಿದ್ದೂ ಕ್ಯಾಬಿನ್ ಕಾದೇ ಇದ್ದರೆ ಶಾಖ ಬೇರೆ ದಾರಿಯಿಂದ ಒಳಬರುತ್ತಿದೆ ಎಂದು ತಿಳಿಯಬೇಕು: ಬಾಗಿಲಿನ ರಬ್ಬರ್ ಬೀಡಿಂಗ್ ಹರಿದಿರಬಹುದು, ಗೇರ್ ಲಿವರ್ ಬುಡದ ರಬ್ಬರ್ ಸೀಳಿರಬಹುದು. ಮೂತಿಯಿಲ್ಲದ ಲಾರಿಗಳಲ್ಲಿ ಎಂಜಿನ್ ಸೀಟಿನ ಅಡಿಯಲ್ಲೇ ಇರುವುದರಿಂದ, ಆ ಭಾಗದ ಶಾಖನಿರೋಧಕ ಹೊದಿಕೆ ಕಳಚಿಬಿದ್ದಿದ್ದರೆ ಎಷ್ಟು ದೊಡ್ಡ ಎಸಿಯೂ ಸಾಲದು.

ಕಿಂಡಿಯಿಂದ ಬರುವ ಗಾಳಿ ತಣ್ಣಗಿದ್ದು, ಅದರ ರಭಸ ಮಾತ್ರ ಕಡಿಮೆಯಾಗಿದ್ದರೆ ಕ್ಯಾಬಿನ್ ಫಿಲ್ಟರನ್ನು ತೆಗೆದು ಬೆಳಕಿಗೆ ಹಿಡಿಯಿರಿ. ಚಿಕ್ಕಬಳ್ಳಾಪುರದ ಜಲ್ಲಿ ಕ್ರಷರ್‌ಗಳ ಕಡೆ ಓಡಾಡುವ ಟಿಪ್ಪರ್‌ಗಳಲ್ಲಿ ಇದು ಬೇಗ ಕಟ್ಟಿಕೊಳ್ಳುತ್ತದೆ. ತಯಾರಕರು ಹೇಳಿದ ಕಿಲೋಮೀಟರ್ ಲೆಕ್ಕವನ್ನು ಅಲ್ಲಿ ನಂಬಿ ಕೂರಬಾರದು. ಹೊರಟಾಗ ಚೆನ್ನಾಗಿದ್ದು, ಗಂಟೆ ಕಳೆದ ಮೇಲೆ ಗಾಳಿ ಕ್ರಮೇಣ ಕುಗ್ಗಿದರೆ ಒಳಗಿನ ಕೂಲಿಂಗ್ ಕಾಯಿಲ್ ಮೇಲೆ ಮಂಜುಗಡ್ಡೆ ಕಟ್ಟಿರುವ ಸಂಭವ ಹೆಚ್ಚು. ಎಸಿ ಗುಂಡಿಯನ್ನು ಆರಿಸಿ, ಬ್ಲೋವರನ್ನು ಮಾತ್ರ ಕಾಲು ಗಂಟೆ ಓಡಿಸಿ. ಗಾಳಿ ಮರಳಿ ಬಂದು ವಾಹನದ ಕೆಳಗೆ ನೀರು ಧಾರಾಳವಾಗಿ ತೊಟ್ಟಿಕ್ಕಿದರೆ ಊಹೆ ಸರಿ. ಕೊಳಕು ಫಿಲ್ಟರ್, ಕೆಟ್ಟ ಥರ್ಮೋಸ್ಟಾಟ್, ಕಡಿಮೆಯಾದ ಗ್ಯಾಸ್ ಈ ಮೂರರಲ್ಲಿ ಯಾವುದಾದರೂ ಹೀಗೆ ಮಾಡಬಲ್ಲದು. ಆದ್ದರಿಂದ ಅಗ್ಗದ ಫಿಲ್ಟರ್‌ನಿಂದಲೇ ಆರಂಭಿಸುವುದು ಜಾಣತನ.

ನಮ್ಮ ಸೀಮೆಯಲ್ಲಿ ನಾನು ಅತಿ ಹೆಚ್ಚು ಅನುಮಾನಿಸುವುದು ಕಂಡೆನ್ಸರನ್ನು. ಕ್ಯಾಬಿನ್ನಿನಿಂದ ಹೀರಿದ ಶಾಖವನ್ನು ಹೊರಗೆ ಚೆಲ್ಲುವುದು ಇದೇ. ಇದಕ್ಕೆ ಗಾಳಿ ಸಿಗದಿದ್ದರೆ ಉಳಿದದ್ದೆಲ್ಲ ಸರಿಯಿದ್ದೂ ಪ್ರಯೋಜನವಿಲ್ಲ. ಓಡುವಾಗ ತಣ್ಣಗಿದ್ದು, ಮಂಡಿಯ ಸಾಲಿನಲ್ಲೋ ಟೋಲ್ ಗೇಟಿನಲ್ಲೋ ನಿಂತ ಕೂಡಲೇ ಬಿಸಿಗಾಳಿ ಬರುವುದಾದರೆ ಕಂಡೆನ್ಸರ್ ಅಥವಾ ಅದರ ಫ್ಯಾನಿನ ಕಡೆ ನೋಡಬೇಕು. ಎಸಿ ಹಾಕಿದಾಗ ಫ್ಯಾನ್ ತಿರುಗುತ್ತಿದೆಯೇ, ಸರಿಯಾದ ದಿಕ್ಕಿನಲ್ಲಿ ತಿರುಗುತ್ತಿದೆಯೇ ಎಂದು ಕಣ್ಣಾರೆ ನೋಡಿ. ವೈರಿಂಗ್ ಬದಲಾಯಿಸಿದ ಮೇಲೆ ಫ್ಯಾನ್ ಉಲ್ಟಾ ತಿರುಗುವುದು ಅಪರೂಪವೇನಲ್ಲ. ಅನಂತರ ಟಾರ್ಚ್ ಹಿಡಿದು ಕಂಡೆನ್ಸರಿನ ತೆಳು ತಗಡಿನ ಎಲೆಗಳ ನಡುವೆ ಇಣುಕಿ. ರಾಗಿಹುಲ್ಲಿನ ಸಿಬಿರು, ಚಿಟ್ಟೆಯ ರೆಕ್ಕೆ, ಸತ್ತ ಜೇನುಹುಳು, ಅವುಗಳ ಮೇಲೆ ಎಂಜಿನ್ ಎಣ್ಣೆಯ ಪಸೆ, ಆ ಪಸೆಗೆ ಮೆತ್ತಿಕೊಂಡ ಕೆಂಪು ಧೂಳು ಸೇರಿ ಮಂದವಾದ ಒಂದು ಪದರವೇ ಕಟ್ಟಿರುತ್ತದೆ. ಹುಲ್ಲು ಸಾಗಿಸುವ ಗಾಡಿಗಳ ಹಿಂದೆ ಓಡಿದ ಲಾರಿಯಲ್ಲಂತೂ ಬೆರಳಿಟ್ಟರೆ ಪದರ ಚಕ್ಕೆಚಕ್ಕೆಯಾಗಿ ಏಳುತ್ತದೆ. ಮುಂಭಾಗ ಹೊಳೆಯುತ್ತಿದೆ ಎಂದು ಸಮಾಧಾನಪಡಬೇಡಿ. ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವಿನ ಸಂದಿಯಲ್ಲೇ ಕಸ ಹೆಚ್ಚು ಕೂರುತ್ತದೆ.

ತೊಳೆಯುವುದಕ್ಕೂ ಕ್ರಮವಿದೆ. ಎಂಜಿನ್ ಪೂರ್ತಿ ಆರಿದ ಮೇಲೆ, ಮೆತ್ತನೆಯ ಬ್ರಷ್‌ನಿಂದ ಒಣ ಕಸ ತೆಗೆದು, ಗಾಳಿ ಸಾಗುವ ದಿಕ್ಕಿಗೆ ವಿರುದ್ಧವಾಗಿ, ಅಂದರೆ ಹಿಂದಿನಿಂದ ಮುಂದಕ್ಕೆ, ಸಾಧಾರಣ ರಭಸದ ನೀರು ಬಿಡಬೇಕು. ವಾಟರ್ ಸರ್ವೀಸಿನ ಗನ್ನನ್ನು ಹತ್ತಿರ ಹಿಡಿದರೆ ಎಲೆಗಳು ಮಡಚಿಕೊಂಡು ಗಾಳಿಯ ದಾರಿ ಮುಚ್ಚಿಹೋಗುತ್ತದೆ. ಕೊಳವೆಬಾವಿಯ ಗಡಸು ನೀರನ್ನು ಕಾದ ಕಂಡೆನ್ಸರಿನ ಮೇಲೆ ಸುರಿದರೆ ಬಿಳಿಯ ಉಪ್ಪು ಅಂಟಿ ಕೂರುತ್ತದೆ ಎಂಬುದೂ ನೆನಪಿರಲಿ.

ಕಂಡೆನ್ಸರ್ ಸ್ವಚ್ಛವಾದರೂ ಕೂಲಿಂಗ್ ಬಾರದಿದ್ದರೆ, ಗ್ಯಾಸನ್ನು ಒತ್ತಿ ಕೊಳವೆಗಳಲ್ಲಿ ಸುತ್ತಿಸುವ ಕಂಪ್ರೆಸರ್ ನೋಡಿ. ಎಸಿ ಗುಂಡಿ ಒತ್ತಿದಾಗ ‘ಟಕ್’ ಎಂದು ಕ್ಲಚ್ ಹಿಡಿದು ಮುಂದಿನ ತಟ್ಟೆ ಪುಲ್ಲಿಯೊಂದಿಗೆ ತಿರುಗಬೇಕು. ಬೆಳಿಗ್ಗೆ ಹಿಡಿದು, ಬಿಸಿಲೇರಿದ ಮೇಲೆ ಬಿಡುವುದಾದರೆ ಕ್ಲಚ್ ಸವೆದು ಅದರ ಸಂದು ಹೆಚ್ಚಾಗಿರಬಹುದು, ಏಕೆಂದರೆ ಕಾದ ಸುರುಳಿಯ ಅಯಸ್ಕಾಂತ ಬಲ ಕುಗ್ಗುತ್ತದೆ. ಎಂಜಿನ್ ವೇಗ ಹೆಚ್ಚಿಸಿದಾಗ ಕಿರುಚುವ ಸದ್ದು ಬಂದರೆ ಬೆಲ್ಟ್ ಸಡಿಲವಾಗಿದೆ. ಹೀಟರ್ ಕಾಕ್, ಅಂದರೆ ಎಂಜಿನ್ನಿನ ಬಿಸಿನೀರನ್ನು ಹೀಟರಿಗೆ ಬಿಡುವ ಕವಾಟ, ಇರುವ ವಾಹನಗಳಲ್ಲಿ ಅದು ಪೂರ್ತಿ ಮುಚ್ಚದೆ ಬಿಸಿನೀರು ಒಳಗೆ ಹರಿಯುತ್ತಿದ್ದರೂ ಎಸಿ ಸೋಲುತ್ತದೆ. ಕಾಕ್ ದಾಟಿದ ಹೋಸ್ ಬಿಸಿಯಾಗಿದ್ದರೆ ದೋಷ ಅಲ್ಲೇ ಇದೆ.

ಇಷ್ಟೆಲ್ಲ ಆದ ಮೇಲೆ ಗ್ಯಾಸಿನ ಸರದಿ. ಎಂಜಿನ್ ಮತ್ತು ಎಸಿ ಓಡುತ್ತಿರುವಾಗ, ಕ್ಯಾಬಿನ್ನಿನ ಕಡೆಯಿಂದ ಕಂಪ್ರೆಸರಿಗೆ ಬರುವ ದಪ್ಪ ಪೈಪು ತಣ್ಣಗಾಗಿ ಬೆವರಬೇಕು. ಅದು ಬೆಚ್ಚಗೇ ಇದ್ದರೆ ಗ್ಯಾಸ್ ಕಡಿಮೆಯಿರಬಹುದು. ಕಂಪ್ರೆಸರಿನಿಂದ ಕಂಡೆನ್ಸರಿಗೆ ಹೋಗುವ ಪೈಪನ್ನು ಮಾತ್ರ ಮುಟ್ಟಬೇಡಿ, ಕೈ ಸುಡುತ್ತದೆ. ಜಾಯಿಂಟುಗಳ ಬಳಿ ಎಣ್ಣೆಯ ಪಸೆಗೆ ಧೂಳು ಮೆತ್ತಿದ್ದರೆ ಸೋರಿಕೆಯ ಜಾಗ ಅದೇ. ಪೈಪನ್ನು ನೀವೇ ಬಿಚ್ಚಬಾರದು: ಒಳಗಿರುವ ಆರ್134ಎ ಎಂಬ ಎಸಿ ಗ್ಯಾಸ್ ಹೊರಗಾಳಿಗೆ ಬಂದೊಡನೆ ಸುಮಾರು ಮೈನಸ್ 26 ಡಿಗ್ರಿಯಲ್ಲಿ ಕುದಿಯುವುದರಿಂದ ಚರ್ಮಕ್ಕೂ ಕಣ್ಣಿಗೂ ಅಪಾಯ. ಮೆಕ್ಯಾನಿಕ್‌ನ ಬಳಿ ಕೇಳಬೇಕಾದದ್ದು ಹೀಗಿದೆ: ನೈಟ್ರೋಜನ್ ಒತ್ತಡದಲ್ಲಿ ಸೋರಿಕೆ ನೋಡಬೇಕು, ಸೋರುವ ಭಾಗವನ್ನು ಬದಲಿಸಿ ಕನಿಷ್ಠ ಅರ್ಧ ಗಂಟೆ ವ್ಯಾಕ್ಯೂಮ್ ಎಳೆಯಬೇಕು (ಕೊಳವೆಗಳೊಳಗಿನ ಗಾಳಿ, ತೇವವನ್ನು ಪಂಪಿನಿಂದ ಹೀರಿ ತೆಗೆಯಬೇಕು), ಪಂಪ್ ನಿಲ್ಲಿಸಿದ ಮೇಲೆ ಗೇಜಿನ ಮುಳ್ಳು ಅಲ್ಲಾಡದೆ ನಿಲ್ಲಬೇಕು, ಬಳಿಕ ವಾಹನದ ಲೇಬಲ್ಲಿನಲ್ಲಿ ಬರೆದಷ್ಟು ಗ್ರಾಂ ಗ್ಯಾಸನ್ನು ತೂಕ ಮಾಡಿಯೇ ತುಂಬಬೇಕು. ಹೆಚ್ಚು ತುಂಬಿದರೂ ಒತ್ತಡ ಏರಿ ಕೂಲಿಂಗ್ ಕೆಡುತ್ತದೆ. ತೀರಾ ಅಗ್ಗದ ಸಿಲಿಂಡರಿನಲ್ಲಿ ಉರಿಯುವ ಅನಿಲ ಬೆರೆತಿರಬಹುದು. ಅದು ಕ್ಯಾಬಿನ್ನಿನೊಳಗೆ ಸೋರಿದರೆ ಏನಾದೀತೆಂದು ಯೋಚಿಸಿ.

ರಾತ್ರಿ ಎಂಜಿನ್ ಓಡಿಸಿಟ್ಟು ಎಸಿಯಲ್ಲಿ ಮಲಗುವ ಅಭ್ಯಾಸ ಇರುವವರು ಸೈಲೆನ್ಸರ್ ಪೈಪಿನ ಜೋಡಣೆಯನ್ನೂ ಕ್ಯಾಬಿನ್ ನೆಲದ ತೂತುಗಳನ್ನೂ ತಪ್ಪದೆ ನೋಡಿಸಿಕೊಳ್ಳಬೇಕು. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ನಿದ್ದೆಯಲ್ಲಿರುವವನಿಗೆ ಅದು ತಿಳಿಯುವುದೇ ಇಲ್ಲ. ಸಾಧ್ಯವಿದ್ದಷ್ಟೂ ಎಂಜಿನ್ ಆರಿಸಿಯೇ ಮಲಗಿ.

ಚಳಿಗಾಲದಲ್ಲಿ ಬೇಕಿಲ್ಲವೆಂದು ಎಸಿಯನ್ನು ತಿಂಗಳುಗಟ್ಟಲೆ ಮುಟ್ಟದೆ ಬಿಟ್ಟರೆ ಕಂಪ್ರೆಸರಿನ ಶಾಫ್ಟ್ ಸೀಲ್ ಎಣ್ಣೆಯಿಲ್ಲದೆ ಒಣಗಿ ಅಲ್ಲಿಂದಲೇ ಸೋರತೊಡಗುತ್ತದೆ. ಡಿಸೆಂಬರಿನಲ್ಲೂ ವಾರಕ್ಕೊಮ್ಮೆ ಹತ್ತು ನಿಮಿಷ ಓಡಿಸಿ.